ಎಳೆತವೂ ಭಾರವೂ ಸರಿಹೋದಾಗ

ಶ್ರೋತೃಗಳೇ, ನಿಮ್ಮ ಮನೆಯ ರೇಡಿಯೋ ಈ ಹೊತ್ತು ಮೇಜಿನ ಮೇಲೆ ಸುಮ್ಮನೆ ಕುಳಿತಿದೆ. ಅದರ ಮೇಲೆ ಯಾವ ಬಲವೂ ಇಲ್ಲವೆಂದು ತೋರುತ್ತದೆ. ಆದರೆ ಭೂಮಿ ಅದನ್ನು ಕೆಳಕ್ಕೆ ಸೆಳೆಯುತ್ತಲೇ ಇದೆ. ಮೇಜು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ಎರಡೂ ಸರಿಹೋಗಿರುವುದರಿಂದ ಅದು ಕದಲದು. ಇಂಥವನ್ನು ಸಮತೋಲ ಬಲಗಳೆಂದು ಕರೆಯುತ್ತಾರೆ. ಇಷ್ಟನ್ನು ಯಾರಾದರೂ ಒಪ್ಪಿಯಾರು. ಒಪ್ಪಲು ತೊಡಕಾಗುವ ಮಾತು ಬೇರೊಂದುಂಟು: ಚಲಿಸುತ್ತಿರುವ ವಸ್ತುವಿನ ಮೇಲೂ ಬಲಗಳು ಹೀಗೆಯೇ ಸರಿಹೋಗಿರಬಹುದು.

ಇದನ್ನು ತಿಳಿಯಲು ಶಿರಾ ತಾಲ್ಲೂಕಿನ ಗೌಡಗೆರೆಯ ಕಡೆಗೆ ಹೋಗೋಣ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಇವೆಲ್ಲ ಮಳೆ ಕಡಮೆಯಾದ ಬಯಲುಸೀಮೆ. ವಿದ್ಯುತ್ ಪಂಪುಗಳು ಬರುವುದಕ್ಕೆ ಮೊದಲು ಇಲ್ಲಿ ತೆರೆದ ಬಾವಿಯ ನೀರನ್ನು ಹೊಲಕ್ಕೆ ಎತ್ತಲು ಕಪಿಲೆ ಹೊಡೆಯುತ್ತಿದ್ದರು. ಬಾವಿಯ ಬಾಯಲ್ಲಿ ಒಂದು ರಾಟೆ, ಅದರ ಮೇಲೆ ಹಾದುಹೋಗುವ ದಪ್ಪ ಹಗ್ಗ, ಹಗ್ಗದ ಒಂದು ತುದಿಗೆ ಚರ್ಮದ ಬಾನಿ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದಂತೆ ಬಾನಿ ಮೇಲೇರುತ್ತಿತ್ತು. ಹೊಡೆಯುವವನು ಎಷ್ಟೋ ವೇಳೆ ಎತ್ತಿನ ಹಿಂದೆಯೇ ಹಗ್ಗದ ಮೇಲೆ ಕುಳಿತು ಇಳಿಯುತ್ತಿದ್ದನು. ಅದನ್ನು ಸೋಮಾರಿತನವೆಂದು ತಿಳಿಯಬಾರದು. ಇಳಿಜಾರಿನಿಂದಾಗಿ ಎತ್ತುಗಳ ಭಾರದ ಒಂದು ಪಾಲು ಎಳೆತಕ್ಕೆ ಒದಗುತ್ತಿತ್ತು. ಅವನ ಭಾರವೂ ಅದಕ್ಕೆ ಕೈಗೂಡಿಸುತ್ತಿತ್ತು.

ನೀರು ತುಂಬಿದ ಬಾನಿ 100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಿಂತ ಬಾನಿಯನ್ನು ಕದಲಿಸಿ ಚಲನೆಗೆ ತರಬೇಕಾದರೆ ಹಗ್ಗದ ಎಳೆತ ಆ ಭಾರಕ್ಕಿಂತ ತುಸು ಹೆಚ್ಚಾಗಿರಬೇಕು. ಮಿಗಿಲಾದ ಆ ತುಸುವೇ ಅಸಮತೋಲ ಬಲ. ಅದರಿಂದ ಬಾನಿಯ ವೇಗ ಹೆಚ್ಚುತ್ತದೆ. ಎತ್ತುಗಳು ಒಂದೇ ಹದದ ನಡಿಗೆಗೆ ಬಂದ ಮೇಲೆ ಬಾನಿಯ ಮೇಲಿನ ಎಳೆತ ಎಷ್ಟು? ಸರಿಯಾಗಿ 100 ಕಿಲೋಗ್ರಾಂ ಭಾರದಷ್ಟೇ. ಹಾಗಾದರೆ ಬಾನಿ ಮೇಲೇರುವುದು ಹೇಗೆ ಎಂದು ಕೇಳುವಿರಿ. ಅದು ಏರುತ್ತಿರುವುದು ಮೊದಲೇ ಪಡೆದ ವೇಗದಿಂದ. ಬಲಗಳು ಸರಿಹೋದಾಗ ನಿಂತದ್ದು ನಿಂತಿರುತ್ತದೆ, ನಡೆಯುತ್ತಿದ್ದುದು ಅದೇ ವೇಗದಲ್ಲಿ, ಅದೇ ನೇರದಲ್ಲಿ ನಡೆಯುತ್ತದೆ. ರಾಟೆಯ ಘರ್ಷಣೆಯನ್ನು ಗೆಲ್ಲಲು ಎತ್ತುಗಳು ಇನ್ನಷ್ಟು ಎಳೆಯಬೇಕು, ನಿಜ. ಆದರೆ ಆ ಹೆಚ್ಚಿನ ಎಳೆತ ರಾಟೆಯಲ್ಲೇ ಸವೆಯುತ್ತದೆ, ಬಾನಿಯನ್ನು ಮುಟ್ಟುವುದಿಲ್ಲ.

ಚಲಿಸುವುದನ್ನು ಯಾರಾದರೂ ತಳ್ಳುತ್ತಲೇ ಇರಬೇಕು ಎಂದು ಗ್ರೀಸಿನ ಅರಿಸ್ಟಾಟಲ್ ತಿಳಿದಿದ್ದನು. ನಮ್ಮ ಗಾಡಿಯ ಎತ್ತುಗಳನ್ನು ನೋಡಿದರೆ ನಮಗೂ ಹಾಗೆಯೇ ತೋರುತ್ತದೆ. ನೊಗ ಕಳಚಿದರೆ ಗಾಡಿ ನಿಲ್ಲುತ್ತದಲ್ಲ! ಗಾಡಿಯನ್ನು ನಿಲ್ಲಿಸುವುದು ಅಚ್ಚಿನ, ನೆಲದ ಘರ್ಷಣೆ. ಕಣ್ಣಿಗೆ ಕಾಣದ ಈ ಎದುರಾಳಿಯನ್ನು ಲೆಕ್ಕಕ್ಕೆ ಹಿಡಿದವನು ಗೆಲಿಲಿಯೋ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ ಅದನ್ನು ನಿಯಮವಾಗಿ ಬರೆದಿಟ್ಟನು.

ಕಪಿಲೆಯ ಹಗ್ಗ ನಡುವೆ ಹರಿದರೆ? ಬಾನಿ ಥಟ್ಟನೆ ಬೀಳುವುದಿಲ್ಲ. ಇದ್ದ ವೇಗದಲ್ಲಿ ಒಂದು ಬೆರಳಗಲ ಮೇಲೇರಿ, ಆಮೇಲೆ ಬೀಳುತ್ತದೆ. ಈಗ ಅದರ ಮೇಲಿರುವುದು ಭೂಮಿಯ ಸೆಳೆತವೊಂದೇ. ಹತ್ತು ಮೀಟರು ಬೀಳುವಷ್ಟರಲ್ಲಿ ವೇಗ ಗಂಟೆಗೆ ಸುಮಾರು 50 ಕಿಲೋಮೀಟರು. ಇತ್ತ ಎತ್ತುಗಳ ಎಳೆತಕ್ಕೆ ಎದುರು ಬಲವಿಲ್ಲದೆ ಅವು ಇಳಿಜಾರಿನಲ್ಲಿ ಮುಗ್ಗರಿಸುತ್ತವೆ. ಹಗ್ಗದ ಮೇಲೆ ಕುಳಿತವನು ನೆಲ ಕಾಣುತ್ತಾನೆ. ಹಗ್ಗದ ಸವೆದ ಎಳೆಯೊಂದನ್ನು ಕಡೆಗಣಿಸಿದರೆ ಮನುಷ್ಯನಿಗೂ ಎತ್ತಿಗೂ ಅಪಾಯ.

ಕಪಿಲೆಗಳು ಹೋದುವು, ಅಪಾಯ ರಸ್ತೆಗೆ ಬಂದಿತು. ಶಿರಾ ಮಾರ್ಗವಾಗಿ ಹೋಗುವ ಹೆದ್ದಾರಿಯಲ್ಲಿ ಒಂದೇ ವೇಗದಿಂದ ನೇರವಾಗಿ ಸಾಗುವ ಬಸ್ಸು ನಮ್ಮ ಬಾನಿಯ ಹಾಗೆಯೇ: ಎಂಜಿನ್ನು ಚಕ್ರಗಳ ಮೂಲಕ ಮುಂದಕ್ಕೆ ಒತ್ತುವ ಬಲಕ್ಕೆ ಗಾಳಿಯ ತಡೆಯೂ ಘರ್ಷಣೆಯೂ ಸರಿಹೋಗಿವೆ. ಒಳಗೆ ಕುಳಿತವರಿಗೆ ವೇಗದ ಅರಿವೇ ಆಗದು. ಬ್ರೇಕು ಹಾಕಿದೊಡನೆ ಹಿಂದಕ್ಕೆ ಒಂದು ಅಸಮತೋಲ ಬಲ ಹುಟ್ಟುತ್ತದೆ. ಬ್ರೇಕಿನ ಹಿಡಿತ ಅಷ್ಟೇ ಇರಲಾಗಿ, ಗಂಟೆಗೆ 40 ಕಿಲೋಮೀಟರಿನ ಬದಲು 80ರಲ್ಲಿ ಬಂದ ಬಸ್ಸು ನಿಲ್ಲಲು ಇಮ್ಮಡಿಯಲ್ಲ, ನಾಲ್ಮಡಿ ದೂರ ಬೇಕು. ಚಾಲಕರಾದವರೂ ಇದನ್ನು ಎಷ್ಟೋ ಬಾರಿ ಮರೆಯುತ್ತಾರೆ.

ಬ್ರೇಕು ಹಿಡಿಯುವುದು ಬಸ್ಸನ್ನು, ಪ್ರಯಾಣಿಕನನ್ನಲ್ಲ. ಅವನ ದೇಹ ಅದೇ ವೇಗದಲ್ಲಿ ಮುಂದುವರಿಯುತ್ತದೆ, ಯಾವುದಾದರೂ ಬಲ ಅದನ್ನು ತಡೆಯುವ ತನಕ. ಕಾರಿನಲ್ಲಿ ಆ ಬಲ ಸೀಟಿನ ಪಟ್ಟಿಯಿಂದ ಬಂದರೆ ಒಳ್ಳೆಯದು. ಬಸ್ಸಿನಲ್ಲಿ ನಿಂತವನ ಕೈ ಕಂಬಿಯ ಮೇಲಿದ್ದರೆ ಅದು ಕಂಬಿಯಿಂದ ಬರುತ್ತದೆ. ಇಲ್ಲವಾದರೆ ಮುಂದಿನ ಸೀಟಿನ ಹಿಂಬದಿಯಿಂದ.