ಒಂದು ಕಪ್ಪಿನ ಏಕಾಂತ



ಒಬ್ಬರೇ ಇರಬೇಕೆಂದು ಬಯಸುವವರು ಮನೆಯ ಕದ ಮುಚ್ಚಿಕೊಳ್ಳದೆ, ಜನ ತುಂಬಿದ ಕಾಫಿ ಹೌಸಿಗೆ ಹೋಗುವುದೇಕೆ? ವಿಯೆನ್ನಾ ನಗರದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ಜನಸಂಖ್ಯೆ ಏರಿ ವಸತಿಗೆ ಬರ ಬಂದಿತು. ಬಾಡಿಗೆ ಕೊಠಡಿಗಳು ಇಕ್ಕಟ್ಟು. ಚಳಿಗಾಲದಲ್ಲಿ ಅವನ್ನು ಬೆಚ್ಚಗಿಡುವುದು ದುಬಾರಿ. ಕಾಫಿ ಹೌಸಿನಲ್ಲಾದರೋ ಒಂದು ಕಪ್ಪಿನ ಬೆಲೆಗೆ ಬೆಚ್ಚನೆಯ ಜಾಗ, ಮರದ ಹಿಡಿಕೆಗೆ ಸಿಕ್ಕಿಸಿದ ಪತ್ರಿಕೆಗಳು, ಜೊತೆಗೊಂದು ಲೋಟ ನೀರು. ಗಂಟೆಗಟ್ಟಲೆ ಕುಳಿತರೂ ಏಳಿ ಎನ್ನುವವರಿಲ್ಲ. ಹೋಟೆಲ್ ಕೊಠಡಿಗಳಲ್ಲಿ ಬದುಕಿದ ಲೇಖಕ ಪೀಟರ್ ಆಲ್ಟೆನ್‌ಬರ್ಗ್ (1859–1919), 1876ರಲ್ಲಿ ಆರಂಭವಾದ ಕೆಫೆ ಸೆಂಟ್ರಾಲನ್ನೇ ತಮ್ಮ ವಿಳಾಸವೆಂದು ಕೊಡುತ್ತಿದ್ದರು.

ಒಂಟಿತನ ಬೇರೆ, ಏಕಾಂತ ಬೇರೆ. ಖಾಲಿ ಕೊಠಡಿಯಲ್ಲಿ ಮೊದಲನೆಯದೇ ಹೆಚ್ಚು. ಕಾಫಿ ಹೌಸಿನಲ್ಲಿ ಸುತ್ತಲಿನ ಮಾತು, ಕಪ್ಪುಬಸಿಗಳ ಸದ್ದು ಜೊತೆಗಿರುತ್ತವೆ. ಆದರೆ ಯಾರಿಗೂ ಉತ್ತರ ಕೊಡುವ ಹಂಗಿಲ್ಲ.

ಈ ಸಂಸ್ಕೃತಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿಸಬೇಕಾದದ್ದು ಕಾಫಿಯ ರುಚಿಯನ್ನಷ್ಟೇ ಅಲ್ಲ, ಅವಸರವಿಲ್ಲದೆ ಕೂರುವ ಹಕ್ಕನ್ನು. ಕುರ್ಚಿಯ ಸಮಯಕ್ಕೆ ಲೆಕ್ಕ ಹಚ್ಚಿದರೆ ಮೊದಲು ಎದ್ದು ಹೋಗಬೇಕಾದವರು, ಮನೆಯಲ್ಲಿ ತಮ್ಮದೆನ್ನುವ ಮೂಲೆಯೂ ಇಲ್ಲದವರೇ.