ಎರಡಕ್ಷರ ಗೊತ್ತಿದ್ದರೆ ಸಾಕು
(ಸುವರ್ಣ ಮಹೋತ್ಸವದಂದು ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



“ಬೆಂಗಳೂರಾಗ ಏನ್ ಕೆಲಸ ಮಾಡ್ತಿ?” ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ‘ಸಾಫ್ಟ್‌ವೇರ್’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ಒಂದು ಸಣ್ಣ ಕೆಲಸವನ್ನಾದರೂ ಬಿಡಿಸಿ ಹೇಳುತ್ತೇನೆ.

ನಾವು ಪ್ರೋಗ್ರಾಂ ಬರೆಯುವುದು ಟೆಕ್ಸ್ಟ್ ಎಡಿಟರಿನಲ್ಲಿ. ಅದೇ ನಮ್ಮ ಪಾಟಿ, ಬಳಪ. ನಾನು ಬಳಸುವುದು ವಿಮ್. ಬ್ರಾಮ್ ಮೊಲೆನಾರ್ ಅದನ್ನು 1991ರಲ್ಲಿ ಹೊರತಂದರು. ಬೆಲೆ ಕಟ್ಟಲಿಲ್ಲ, ಮೆಚ್ಚಿದವರು ಯುಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂದಷ್ಟೇ ಕೇಳಿಕೊಂಡರು. ಅದಕ್ಕೆ ಯಾರು ಬೇಕಾದರೂ ಹೊಸ ಸಲಕರಣೆ ಜೋಡಿಸಬಹುದು. ಅದಕ್ಕೆ ಪ್ಲಗಿನ್ ಎನ್ನುತ್ತಾರೆ.

ಪೈಥಾನ್ ಭಾಷೆಯಲ್ಲಿ ಸಾವಿರಾರು ಸಿದ್ಧ ಫಂಕ್ಷನ್‌ಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಿದವರಿಲ್ಲ. ವಿಮ್‌ನಲ್ಲಿ ಒಂದು ಪದದ ಮೇಲೆ ಕರ್ಸರ್ ಇಟ್ಟು ದೊಡ್ಡಕ್ಷರದ ‘ಕೆ’ ಒತ್ತಿದರೆ ಅದರ ವಿವರಣೆ ತೆರೆಯುತ್ತದೆ. ಆದರೆ ಪದ ಪೂರ್ತಿ ಬರೆದಿರಬೇಕು. ಹೆಸರೇ ನೆನಪಾಗದವರ ಗತಿ? ನಾನು ಒಂದು ಪ್ಲಗಿನ್‌ಗೆ ಸೇರಿಸಿದ್ದು ಇಷ್ಟೇ: ಗೊತ್ತಿದ್ದ ಎರಡಕ್ಷರ ಹೊಡೆದರೆ ಹೊಂದುವ ಹೆಸರುಗಳ ಪಟ್ಟಿ ಬರುತ್ತದೆ, ಒಂದರ ಮೇಲೆ ನಿಂತರೆ ಪಕ್ಕದಲ್ಲೇ ಅದರ ವಿವರಣೆ ಕಾಣುತ್ತದೆ.

‘ಸ’ ಎಂದರೆ ಸವದತ್ತಿ, ಸಂಪಗಾಂವ ಎರಡೂ ಬರುತ್ತವೆ. ‘ಸವ’ ಎಂದರೆ ಸವದತ್ತಿಯೊಂದೇ ಉಳಿಯುತ್ತದೆ. ಇದು ನಿಘಂಟು ನೋಡುವ ರೀತಿಯೇ. 1894ರ ಕಿಟೆಲ್ ನಿಘಂಟನ್ನು ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ ಉಳಿದರ್ಧ ಬಿಟ್ಟಂತೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ದುಡಿದು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಹೀಗೆ 18 ಸಲ ಅರ್ಧರ್ಧ ಮಾಡಿದರೆ ಸಾಕು, ಬೇಕಾದ ಪದ ಸಿಗುತ್ತದೆ.

ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಇಷ್ಟು ಮಾತು? ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಹೋದ ನಮಗೆ ಮೊದಲ ವರ್ಷ ಕಷ್ಟವಾಗಿದ್ದು ಗಣಿತವಲ್ಲ, ಪ್ರಶ್ನೆ ಕೇಳುವುದು. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೇಳಿದರೆ ಹಿಂದಿನ ಬೆಂಚಿನಿಂದ ನಗು ಬರುತ್ತಿತ್ತು. ಹಾಗೆ ಬಾಯಿ ಮುಚ್ಚಿಕೊಂಡವರಲ್ಲಿ ನನಗಿಂತ ಜಾಣರಿದ್ದರು. ಒಬ್ಬಿಬ್ಬರು ಕಾಲೇಜನ್ನೇ ಬಿಟ್ಟರು. ಈ ಸಲಕರಣೆ ಅರ್ಧ ಗೊತ್ತಿದ್ದವರನ್ನು ನೋಡಿ ನಗುವುದಿಲ್ಲ. “ಇದೇನಾ ನೀ ಹುಡುಕಿದ್ದು?” ಎಂದು ಪಟ್ಟಿ ಮುಂದಿಡುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ. ವಿವರಣೆ ಪೈಥಾನ್ ಜೊತೆಗೇ ಕಂಪ್ಯೂಟರಿನಲ್ಲಿ ಇರುತ್ತದೆ.

ಆದರೆ ಒಂದು ಮಾತು. ಆ ವಿವರಣೆಯನ್ನು ಯಂತ್ರ ಹುಟ್ಟಿಸುವುದಿಲ್ಲ. ಫಂಕ್ಷನ್ ಬರೆದವರು ಅದರೊಳಗೇ ನಾಲ್ಕು ಸಾಲು ಬರೆದಿಟ್ಟಿರುತ್ತಾರೆ. ಅವರು ಬರೆಯದಿದ್ದರೆ ನನ್ನ ಪ್ಲಗಿನ್ ಖಾಲಿ ಪುಟ ತೋರಿಸುತ್ತದೆ. ತಿಳಿದವರು ಮುಂದೆ ಬರುವವರಿಗಾಗಿ ಬರೆದಿಡಬೇಕು. ನಮ್ಮ ಗುರುಗಳು ಐವತ್ತು ವರ್ಷ ಕರಿಹಲಗೆಯ ಮೇಲೆ ಮಾಡಿದ್ದು ಇದನ್ನೇ.

ವಿದ್ಯಾರ್ಥಿಗಳೇ, ಅರ್ಧ ಗೊತ್ತಿದ್ದರೂ ಕೈ ಎತ್ತಿ ಕೇಳಿರಿ. ಪಕ್ಕದವರು ಕೇಳಿದಾಗ ನಗಬೇಡಿರಿ. ಗೆಳೆಯರೇ, ನಾವು ಒಬ್ಬೊಬ್ಬರೂ ನಮ್ಮ ಕೆಲಸದ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡೋಣ. ಪ್ಲಗಿನ್ ಬಳಸುವ ಬಗೆಯನ್ನು ಬರೆದು ನಾನು ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ.