ಕಣ್ಣಿನ ಜಾಡು

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಒಳಗೆ ಅರೆಗತ್ತಲು. ಮಾರ್ಗದರ್ಶಿ ತನ್ನ ಬ್ಯಾಟರಿಯ ಬೆಳಕನ್ನು ಕಂಬದ ಮೇಲಿನ ಮದನಿಕೆಯತ್ತ ಬಿಡುತ್ತಾನೆ. ಹತ್ತು ಜನರ ದೃಷ್ಟಿ ಒಮ್ಮೆಲೇ ಅಲ್ಲಿಗೆ ಹೋಗುತ್ತದೆ. ಕಲಿಸುವುದೆಂದರೆ ಬಹುಮಟ್ಟಿಗೆ ಇದೇ: ಒಬ್ಬನು ಕಂಡದ್ದನ್ನು ಇನ್ನೊಬ್ಬನೂ ಕಾಣುವಂತೆ ಮಾಡುವುದು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ನನಗೆ ಇದರ ಬೆಲೆ ತಿಳಿದದ್ದು ತಡವಾಗಿ.

2020ರಲ್ಲಿ ಕೊರೋನಾ ವ್ಯಾಧಿಯಿಂದ ಕಾಲೇಜುಗಳು ಮುಚ್ಚಿದಾಗ, ಬಿಕ್ಕೋಡಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲ್ ಫೋನಿನ ಮೂಲಕ ಹಳಗನ್ನಡ ಪಾಠ ಮಾಡಿದೆ. ತರಗತಿಯಲ್ಲಾದರೆ ಪದ್ಯ ದಕ್ಕಿತೇ ಇಲ್ಲವೇ ಎಂಬುದನ್ನು ವಿದ್ಯಾರ್ಥಿಗಳ ಕಣ್ಣೇ ಹೇಳುತ್ತಿತ್ತು. ಫೋನಿನಲ್ಲಿ ಹೆಚ್ಚಿನವರು ಬರಿಯ ಹೆಸರುಗಳು. ಮುಖ ತೋರಿಸುತ್ತಿದ್ದ ಒಬ್ಬ ಹುಡುಗಿಯ ದೃಷ್ಟಿಯೋ, ಪದೇ ಪದೇ ಕೆಳಗೆ ಜಾರುತ್ತಿತ್ತು. ಮೂರನೆಯ ದಿನ, “ಪಾಠದಲ್ಲಿ ಮನಸ್ಸಿಲ್ಲದಿದ್ದರೆ ಕುಳಿತುಕೊಳ್ಳುವುದೇಕಮ್ಮಾ?” ಎಂದು ಎಲ್ಲರೆದುರಿಗೆ ಗದರಿಸಿದೆ. ಅವಳು ಮಾತಾಡಲಿಲ್ಲ. ಮರುದಿನದಿಂದ ಅವಳೂ ಬರಿಯ ಹೆಸರಾದಳು.

ನಿವೃತ್ತಿಯ ಬಿಡುವಿನಲ್ಲಿ, ಕಣ್ಣಿನ ಚಲನೆಯನ್ನು ಅಳೆಯುವ ವಿಜ್ಞಾನದ ಬಗೆಗೆ ಓದತೊಡಗಿದೆ. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಸಮನಾಗಿ ಹರಿಯುವುದಿಲ್ಲ. ಜಿಗಿದು ನಿಂತು, ಮತ್ತೆ ಜಿಗಿಯುತ್ತದೆ. ಒಂದೊಂದು ನಿಲುಗಡೆಯೂ ಸುಮಾರು ಕಾಲು ಸೆಕೆಂಡು. ಇದನ್ನು ಗುರುತಿಸಲು ಅಮೆರಿಕದ ಎಡ್ಮಂಡ್ ಹ್ಯೂಯಿ ಕಣ್ಣುಗುಡ್ಡೆಗೇ ಒಂದು ಪುಟ್ಟ ಬಟ್ಟಲನ್ನು ತೊಡಿಸಿ, ಅದಕ್ಕೆ ಕಡ್ಡಿಯನ್ನು ಜೋಡಿಸಿದ್ದನು. ಓದನ್ನು ಕುರಿತ ಆತನ ಗ್ರಂಥ 1908ರಲ್ಲಿ ಹೊರಬಂದಿತು. ಈಗ ಅಂಥ ಹಿಂಸೆಯಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಿಟ್ಟು, ಪಾಪೆಯನ್ನೂ ಕಣ್ಣಿನಲ್ಲಿ ಹೊಳೆಯುವ ಪ್ರತಿಬಿಂಬವನ್ನೂ ಕ್ಯಾಮೆರಾ ಹಿಂಬಾಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸರ ತಂಡವು, ಮಾತು ಮತ್ತು ಚಲನೆ ಎರಡೂ ಕುಂಠಿತವಾದವರು ನೋಟದಿಂದಲೇ ಯಂತ್ರದ ತೋಳನ್ನು ನಡೆಸುವಂತೆ ಮಾಡಿದೆ.

ದೂರಶಿಕ್ಷಣಕ್ಕೂ ಈ ವಿದ್ಯೆ ಒದಗಿದೆ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕ್ಷಿತಿಜ್ ಶರ್ಮ ಮತ್ತು ಸಂಗಡಿಗರು, ಪರದೆಯ ಮೇಲೆ ಪಾಠ ಕೇಳುವವನ ಕಣ್ಣು ಅಧ್ಯಾಪಕರು ತೋರಿದ, ಹೇಳಿದ ವಸ್ತುವಿನ ಜೊತೆಜೊತೆಗೇ ಸಾಗುತ್ತದೆಯೇ ಎಂದು ಅಳೆದರು. ಆ ಗುಣಕ್ಕೆ ಅವರಿತ್ತ ಹೆಸರು ‘ನನ್ನೊಡನಿರುವಿಕೆ’ ಎಂಬರ್ಥದ್ದು. ಹಾಗೆ ಜೊತೆಗಿದ್ದವರ ಕಲಿಕೆ ಮೇಲಾಗಿತ್ತು. ಅಮೆರಿಕದಲ್ಲಿ ಬರ್ಟ್ರಂಡ್ ಶ್ನೈಡರ್ ಮತ್ತು ರಾಯ್ ಪೀ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ಇಬ್ಬಿಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಒಂದೇ ಪಾಠವನ್ನು ಕೂಡಿ ಬಿಡಿಸಬೇಕು. ಕೆಲವು ಜೋಡಿಗಳಿಗೆ ಮಾತ್ರ, ಜೊತೆಗಾರನು ಎಲ್ಲಿ ನೋಡುತ್ತಿರುವನೆಂಬುದು ಪರದೆಯಲ್ಲಿ ಕಾಣುತ್ತಿತ್ತು. ಆ ಜೋಡಿಗಳೇ ಹೆಚ್ಚು ಕಲಿತರು, ಚೆನ್ನಾಗಿ ಸಹಕರಿಸಿದರು. ಅದು ಬೇಲೂರಿನ ಬ್ಯಾಟರಿ ಬೆಳಕೇ ಅಲ್ಲವೇ?

ಆದರೆ ಈ ಸಾಧನ ಕಣ್ಣು ಎಲ್ಲಿ ನಿಂತಿತೆಂದು ಹೇಳೀತೇ ಹೊರತು, ಏಕೆ ನಿಂತಿತೆಂದು ಹೇಳಲಾರದು. ಒಂದು ಪದದ ಮೇಲೆ ಕಣ್ಣು ಬಹಳ ಹೊತ್ತು ನಿಂತರೆ ಅದು ಆಸ್ವಾದವೂ ಇರಬಹುದು, ಅರ್ಥವಾಗದ ಕಷ್ಟವೂ ಇರಬಹುದು. ಮನೆಯಲ್ಲಿಯೇ ಕುಳಿತು ಬರೆಯುವ ಪರೀಕ್ಷೆಗಳಲ್ಲಿ ಪರದೆಯಿಂದ ಕಣ್ಣು ತೆಗೆದವನನ್ನು ಸಂದೇಹಿಸುವ ಯಂತ್ರಗಳೂ ಬಂದಿವೆ. ಅವುಗಳನ್ನು ಹಳಿಯಲು ನನಗೆ ಬಾಯಿಲ್ಲ. ಯಂತ್ರವಿಲ್ಲದೆಯೇ ನಾನು ಆ ಕೆಲಸ ಮಾಡಿದ್ದೆ.

ಕಾಲೇಜು ಮತ್ತೆ ತೆರೆದಾಗ ಆ ಹುಡುಗಿ ಒಂದು ನೋಟ್‌ಪುಸ್ತಕವನ್ನು ನನ್ನ ಮುಂದಿಟ್ಟಳು. ಅಂಗೈಯಗಲದ ಪರದೆಯಲ್ಲಿ ಅಕ್ಷರ ಕಾಣದೆಂದು ಪ್ರತಿಯೊಂದು ಪದ್ಯವನ್ನೂ ಮೊದಲೇ ದಪ್ಪಕ್ಷರದಲ್ಲಿ ಬರೆದುಕೊಂಡು, ತೊಡೆಯ ಮೇಲಿಟ್ಟುಕೊಂಡು, ನಾನು ಹೇಳಿದಂತೆಲ್ಲ ಪದ ಬಿಡಿಸಿದ್ದಳು. ಇಡೀ ತರಗತಿಯಲ್ಲಿ ನನ್ನೊಡನಿದ್ದವಳು ಪ್ರಾಯಶಃ ಅವಳೊಬ್ಬಳೇ. “ಅಂದೇ ಹೇಳಬಾರದಿತ್ತೇನಮ್ಮಾ?” ಎಂದೆ. “ನೀವು ಕೇಳಲಿಲ್ಲ ಸಾರ್” ಎಂದಳು.

ಕಣ್ಣಿನ ಜಾಡನ್ನು ವಿಜ್ಞಾನ ಹಿಡಿಯಲಿ. ದೂರದಲ್ಲಿರುವ ಮಗುವಿಗೆ ಪುಟದ ಮೇಲೆ ಗುರುವಿನ ಬೆರಳು ಕಾಣಿಸುವಂತಾಗಲಿ. ಆದರೆ ಕಣ್ಣು ಅತ್ತ ಹೋದದ್ದೇಕೆಂದು ಒಂದು ಮಾತು ಕೇಳುವ ಕೆಲಸ ಅಧ್ಯಾಪಕರದೇ.

ಕೇಳುಗರೇ, ನೀವು ಈಗ ಒಲೆಯ ಮೇಲಿನ ಹಾಲನ್ನು ನೋಡುತ್ತಿರಬಹುದು, ಅಂಗಳದ ಮಳೆಯನ್ನು ನೋಡುತ್ತಿರಬಹುದು. ಕೇಳುತ್ತಿಲ್ಲವೆಂದು ಈಗ ನಾನು ತಿಳಿಯುವುದಿಲ್ಲ.